ರಟ್ಟಿನ ಒಳಗಿನ ಹೆಸರು

ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ಬೆನ್ನು. ಹೊಲಿಗೆ ಹೇಗಿದೆ, ದಾರ ಎಲ್ಲಿ ಸಡಿಲ ಬಿಟ್ಟಿದೆ, ಹುಳ ಯಾವ ಕಡೆಯಿಂದ ಒಳಹೊಕ್ಕಿದೆ ಎಂದು ತಿಳಿದ ಮೇಲೆಯೇ ಒಳಗೆ ಏನು ಬರೆದಿದೆ ಅನ್ನುವ ಕಡೆಗೆ ಕಣ್ಣು ಹೋಗುತ್ತದೆ. ಚನ್ನಪಟ್ಟಣದ ಪೇಟೆಯಲ್ಲಿ ನಲವತ್ತು ವರ್ಷ ಬೈಂಡಿಂಗ್ ಕೆಲಸ ಮಾಡಿದ್ದೇನೆ. ರೇಷ್ಮೆಗೂಡಿನ ವ್ಯಾಪಾರಿಗಳ ಖಾತೆ ಪುಸ್ತಕ, ಶಾಲೆಗಳ ಹಾಜರಿ ಪುಸ್ತಕ, ಗೊಂಬೆ ಅಂಗಡಿಯವರ ಬಿಲ್ ಪುಸ್ತಕ, ಮನೆಗಳಲ್ಲಿ ತಾತಂದಿರ ಕಾಲದಿಂದ ಉಳಿದ ಭಾರತ, ರಾಮಾಯಣ, ಮಸೀದಿಯ ಕುರಾನು ಎಲ್ಲವೂ ನನ್ನ ಮಣೆಯ ಮೇಲೆ ಬಂದುಹೋಗಿವೆ. ಅಪ್ಪನದೂ ಇದೇ ಕೆಲಸ. ಅವನ ದಬ್ಬಳವೇ ಈಗಲೂ ನನ್ನ ಕೈಯಲ್ಲಿದೆ. ಹಿಡಿ ಮಾತ್ರ ಎರಡು ಸಲ ಬದಲಾಗಿದೆ. ಅದನ್ನು ಪಕ್ಕದ ಬೀದಿಯ ಗೊಂಬೆ ಕೆಲಸದವರೊಬ್ಬರು ಆಲೆ ಮರದಲ್ಲಿ ಕಡೆದು, ಅರಗು ಹಚ್ಚಿ, ತಾಳೆಗರಿಯಲ್ಲಿ ತಿಕ್ಕಿ ಹೊಳಪು ತಂದು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಏಳೆಂಟು ವರ್ಷದ ಹಿಂದೆ ಇತಿಹಾಸದ ಮೇಷ್ಟ್ರೊಬ್ಬರು ಜೆರಾಕ್ಸ್ ಹಾಳೆಗಳ ದಪ್ಪ ಕಟ್ಟು ತಂದು ಮಣೆಯ ಮೇಲಿಟ್ಟರು. ‘ಇದಕ್ಕೊಂದು ಗಟ್ಟಿ ರಟ್ಟು ಹಾಕಿಕೊಡಿ, ಆಗಾಗ ತೆಗೆದು ನೋಡಬೇಕಾಗುತ್ತೆ’ ಎಂದರು. ಇಂಗ್ಲಿಷಿನದು, ಹಳೇ ಅಚ್ಚು. ಏನಿದು ಎಂದು ಕೇಳಿದೆ. ‘ಟಿಪ್ಪು ಸುಲ್ತಾನನ ಪುಸ್ತಕಭಂಡಾರದ ಪಟ್ಟಿ. ಚಾರ್ಲ್ಸ್ ಸ್ಟೂವರ್ಟ್ ಅಂತ ಒಬ್ಬ ಮೇಜರ್ ಮಾಡಿದ್ದು. 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾಯ್ತು’ ಎಂದರು. ಆಮೇಲೆ ನನ್ನ ಮುಖ ನೋಡಿ, ‘ಇದರಲ್ಲಿ ನಿಮ್ಮ ಕಸುಬಿನ ವಿಷಯವೂ ಇದೆ ಕಣ್ರೀ’ ಎಂದು ಮುನ್ನುಡಿಯ ಒಂದು ಪುಟ ತೆಗೆದು, ಓದಿ ಅರ್ಥ ಹೇಳಿದರು. ಅವತ್ತು ಅಂಟು ಒಲೆಯ ಮೇಲೇ ಸೀದುಹೋಯಿತು.

ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ಕಟ್ಟಿಸಿದ ಪುಸ್ತಕಗಳಿಗೆಲ್ಲ ಒಂದೇ ಬಗೆಯ ಹೊದಿಕೆ ಎಂದು ಸ್ಟೂವರ್ಟ್ ಬರೆದಿದ್ದಾನೆ. ರಟ್ಟಿನ ನಟ್ಟನಡುವೆ ಒಂದು ಪದಕದ ಆಕಾರ. ಅದರೊಳಗೆ ದೇವರ ಹೆಸರು, ಪ್ರವಾದಿ ಮಹಮ್ಮದರದು, ಅವರ ಮಗಳು ಫಾತಿಮಾ, ಮೊಮ್ಮಕ್ಕಳು ಹಸನ್, ಹುಸೇನರದು. ನಾಲ್ಕು ಮೂಲೆಗೆ ನಾಲ್ವರು ಖಲೀಫರ ಹೆಸರು: ಅಬೂಬಕ್ಕರ್, ಉಮರ್, ಉಸ್ಮಾನ್, ಅಲಿ. ಮೇಲುಗಡೆ ‘ಸರ್ಕಾರ್-ಎ-ಖುದಾದಾದ್’, ಅಂದರೆ ದೇವರು ಕೊಟ್ಟ ಸರ್ಕಾರ. ಕೆಳಗಡೆ ‘ಅಲ್ಲಾಹ್ ಕಾಫಿ’, ದೇವರಿದ್ದರೆ ಸಾಕು ಅಂತ. ಕೆಲವಕ್ಕೆ ಮಾತ್ರ ಟಿಪ್ಪುವಿನ ಖಾಸಾ ಮೊಹರು.

ಓದುವವರಿಗೆ ಇದು ನಾಲ್ಕು ಸಾಲು. ಬೈಂಡಿಂಗ್ ಮಾಡುವವನಿಗೆ ಹಾಗಲ್ಲ. ಚರ್ಮದ ಮೇಲೆ ಹೆಸರು ಕೂರಿಸುವುದು ಎಂದರೆ ಏನೆಂದು ನನಗೆ ಗೊತ್ತು. ನಾನು ಹಿತ್ತಾಳೆಯ ಅಚ್ಚು ಕಾಯಿಸಿ ಒತ್ತುತ್ತೇನೆ. ಕಾವು ಹೆಚ್ಚಾದರೆ ಚರ್ಮ ಸುಟ್ಟು ಅಕ್ಷರ ಹರಡುತ್ತದೆ, ಕಡಿಮೆಯಾದರೆ ಹೊನ್ನಿನ ಹಾಳೆ ಹಿಡಿಯುವುದೇ ಇಲ್ಲ. ಅಚ್ಚನ್ನು ಒದ್ದೆ ಬಟ್ಟೆಗೆ ಒಮ್ಮೆ ಮುಟ್ಟಿಸಿ, ಚುಂಯ್ ಎನ್ನುವ ಸದ್ದಿನಲ್ಲೇ ಕಾವು ಅಳೆಯಬೇಕು. ನಡುವೆ ಒಂದು, ಮೂಲೆಗೆ ನಾಲ್ಕು, ಮೇಲೊಂದು, ಕೆಳಗೊಂದು. ನನ್ನ ಲೆಕ್ಕಕ್ಕೆ ಒಂದು ಹೊದಿಕೆಗೆ ಏಳು ಒತ್ತು. ಏಳರಲ್ಲಿ ಒಂದು ತಪ್ಪಿದರೂ ಆ ಚರ್ಮ ಹೋಯಿತು. ಆ ಭಂಡಾರದಲ್ಲಿ ಇದ್ದದ್ದು ಸುಮಾರು 2000 ಪುಸ್ತಕ. ಎಲ್ಲವನ್ನೂ ಟಿಪ್ಪು ಹೊಸದಾಗಿ ಕಟ್ಟಿಸಿರಲಾರ. ಕಾಲು ಭಾಗ ಕಟ್ಟಿಸಿದ್ದರೂ ಅಲ್ಲಿ ವರ್ಷಾನುಗಟ್ಟಲೆ ಮಣೆ ಬಿಟ್ಟು ಏಳದ ಜನ ಇದ್ದರು. ಅವರ ಹೆಸರು ಯಾವ ರಟ್ಟಿನ ಮೇಲೂ ಇಲ್ಲ. ನಮ್ಮವರ ಹೆಸರು ಯಾವತ್ತೂ ಇರುವುದಿಲ್ಲ.

ಹಸ್ತಪ್ರತಿಗಳು ಯಾವುವೆಂದು ಮೇಷ್ಟ್ರು ಪಟ್ಟಿ ತಿರುವಿ ಹೇಳುತ್ತಾ ಹೋದರು. ಕಾವ್ಯ 190, ಇತಿಹಾಸ 118, ಸೂಫಿ ಗ್ರಂಥಗಳು 115, ಧರ್ಮಶಾಸನ 95, ವೈದ್ಯ 62, ಕುರಾನು 44. ದಖನಿ ಭಾಷೆಯ ಪದ್ಯಗಳೂ ಇದ್ದವು, ನಮ್ಮ ಬೀದಿಯ ಸಾಹೇಬರ ಮನೆಗಳಲ್ಲಿ ಆಡುವ ಮಾತಿನ ಅಜ್ಜಿಯಂಥ ಮಾತು ಅದು. ಹುಲಿ, ಕತ್ತಿ, ರಾಕೆಟ್ಟುಗಳ ಟಿಪ್ಪುವಿನ ಕಥೆ ಕೇಳಿಯೇ ಬೆಳೆದ ನನಗೆ, ಆ ಮನುಷ್ಯನ ಅರಮನೆಯಲ್ಲಿ ಯುದ್ಧದ ಪುಸ್ತಕಕ್ಕಿಂತ ಪದ್ಯದ ಪುಸ್ತಕವೇ ಹೆಚ್ಚಿತ್ತು ಅನ್ನುವುದು ಗೊತ್ತೇ ಇರಲಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು. ಇವುಗಳಲ್ಲಿ ಹೆಚ್ಚಿನವು ಟಿಪ್ಪುವಾಗಲಿ ಅವನ ಅಪ್ಪ ಹೈದರಾಲಿಯಾಗಲಿ ಕೊಂಡದ್ದಲ್ಲ. ಸವಣೂರಿನಿಂದ, ಕಡಪದಿಂದ, ಕರ್ನಾಟಿಕ್ ಸೀಮೆಯಿಂದ ಗೆದ್ದು ತಂದವು. ಕೆಲವು ಬಿಜಾಪುರದ, ಗೋಲ್ಕೊಂಡದ ಸುಲ್ತಾನರ ಕೈಯಲ್ಲಿದ್ದವು. ಬಹುಪಾಲು ಆರ್ಕಾಟಿನ ನವಾಬ ಮಹಮ್ಮದಲಿಯ ತಮ್ಮ ಅಬ್ದುಲ್ ವಹಾಬ್ ಖಾನನವು. 1780ರಲ್ಲಿ ಹೈದರಾಲಿ ಚಿತ್ತೂರು ಕೋಟೆ ಹಿಡಿದಾಗ ಸಿಕ್ಕಿದ್ದು. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಗೆದ್ದ ಸೊತ್ತಿನ ಜೊತೆಗೆ ಪುಸ್ತಕಗಳನ್ನೂ ತಂದ. ಮಗ ಅವಕ್ಕೆ ಹೊಸ ಚರ್ಮ ತೊಡಿಸಿದ.

ಹೊಸ ಚರ್ಮ ತೊಡಿಸುವುದು ಎಂದರೆ ಹಳೆಯದನ್ನು ಕಿತ್ತು ಹಾಕುವುದು. ಹಳೇ ರಟ್ಟು ತೆಗೆಯುವಾಗ ಅದಕ್ಕೆ ಅಂಟಿದ ಖಾಲಿ ಹಾಳೆಯೂ ಹೋಗುತ್ತದೆ. ಪುಸ್ತಕದ ಒಡೆಯ ತನ್ನ ಹೆಸರು ಬರೆಯುವುದು, ಮೊಹರು ಒತ್ತುವುದು, ಮಗು ಹುಟ್ಟಿದ ತಾರೀಕು ಗುರುತು ಹಾಕುವುದು ಸಾಮಾನ್ಯವಾಗಿ ಅದೇ ಹಾಳೆಯಲ್ಲಿ. ಅಂಚು ಸಮ ಮಾಡಲು ಕತ್ತರಿಗೆ ಕೊಟ್ಟರೆ ಪಕ್ಕದಲ್ಲಿ ಬರೆದದ್ದೂ ಹೋಗುತ್ತದೆ. ಬಿಜಾಪುರದಿಂದ ಬಂದ ಪುಸ್ತಕದ ಹೊರಗೆ ಬಿಜಾಪುರ ಇಲ್ಲವಾಗಿ ಖುದಾದಾದ್ ಸರ್ಕಾರ ಬಂದು ಕೂತದ್ದು ಹಾಗೆ. ಒಳಗಿನ ಹಾಳೆಯ ಮೇಲೆ ಮೊಹರು ಉಳಿದಿದ್ದರಿಂದ ತಾನೇ ಸ್ಟೂವರ್ಟನಂಥವರು ಹಳೇ ಒಡೆಯರನ್ನು ಗುರುತಿಸಿದ್ದು. ಕತ್ತರಿ ಹಿಡಿದವನು ಅಷ್ಟು ಜಾಗ ಬಿಟ್ಟಿದ್ದ.

ನಾನು ಬಿಟ್ಟಿರಲಿಲ್ಲ. ಕೆಲಸಕ್ಕೆ ಕೂತ ಮೊದಲ ವರ್ಷಗಳ ಮಾತು. ಮಾಗಡಿ ಕಡೆಯ ಹಳ್ಳಿಯವರೊಬ್ಬರು ತಮ್ಮ ಮನೆಯ ಗದುಗಿನ ಭಾರತ ತಂದರು. ಹಾಳೆ ಕಂದಿ ಅಂಚು ತಿಂದುಹೋಗಿತ್ತು. ಅಪ್ಪ ಊರಲ್ಲಿರಲಿಲ್ಲ. ನನಗೆ ಕೈಚಳಕ ತೋರಿಸುವ ಆಸೆ. ಹೊಲಿಗೆ ಬಿಚ್ಚಿ, ಮೊದಲ, ಕೊನೆಯ ಹಾಳೆ ಎಸೆದು, ಮೂರು ಕಡೆಯೂ ಕಾಲಿಂಚು ಕತ್ತರಿಸಿ, ಕೆಂಪು ಕ್ಯಾಲಿಕೋ ಹಾಕಿ, ಬೆನ್ನಿನ ಮೇಲೆ ಹೊನ್ನಿನ ಅಕ್ಷರ ಒತ್ತಿ ಇಟ್ಟೆ. ಹೊಸ ಮದುಮಗನ ಹಾಗಿತ್ತು. ಅವರು ಬಂದರು, ತೆರೆದರು, ಮೊದಲ ಪುಟ ನೋಡಿದರು, ಕೊನೆಯದು ನೋಡಿದರು, ಮತ್ತೆ ಮೊದಲಿನದಕ್ಕೆ ಬಂದರು. ‘ಇಲ್ಲಿ ನಮ್ಮ ತಾತ ಬರೆದದ್ದು ಇತ್ತಲ್ಲಪ್ಪ. ಯಾವ ವರ್ಷ ಯಾವ ಮಳೆ ಚೆನ್ನಾಗಿ ಹುಯ್ತು ಅಂತ. ನಮ್ಮಪ್ಪ ಹುಟ್ಟಿದ ದಿನವೂ ಇತ್ತು’ ಎಂದರು. ಬೈಯಲಿಲ್ಲ. ನಾನು ರದ್ದಿ ಚೀಲಕ್ಕೆ ಓಡಿದೆ. ಹಿಂದಿನ ದಿನವೇ ರದ್ದಿಯವನು ತೂಕ ಹಾಕಿ ಒಯ್ದಿದ್ದ. ಅವರು ಪೂರಾ ದುಡ್ಡು ಕೊಟ್ಟೇ ಹೋದರು. ತಾನಿರದ ಹೊತ್ತಿನಲ್ಲಿ ನಡೆದದ್ದನ್ನು ಕೇಳಿ ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಮನೆಯವರ ತಾತನ ಕೈಬರಹ ಹೇಗಿತ್ತೆಂದು ನೆನಪಿಸಿಕೊಳ್ಳಲು ಈಗಲೂ ಯತ್ನಿಸುತ್ತೇನೆ. ಆಗಲೇ ನೋಡದಿದ್ದದ್ದು ಈಗ ಎಲ್ಲಿ ನೆನಪಾಗಬೇಕು?

ಚನ್ನಪಟ್ಟಣದವನಿಗೆ ಟಿಪ್ಪುವಿನ ಪುಸ್ತಕ ದೂರದ ವಿಷಯವಲ್ಲ. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ದಾರಿಯಲ್ಲಿ ನಮ್ಮೂರಿದೆ. ದಂಡು ಬಂದರೂ ಇಲ್ಲೇ, ಹೋದರೂ ಇಲ್ಲೇ. ಜಗದೇವರಾಯ ಕಟ್ಟಿಸಿದ ಕೋಟೆ 1630ರಲ್ಲಿ ಮೈಸೂರು ಒಡೆಯರ ವಶವಾಯಿತು. ಊರ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿವೆ. ಒಂದು ಅಖಲ್ ಷಾ ಖಾದ್ರಿಯವರದು, ಟಿಪ್ಪುವಿನ ಧರ್ಮಗುರುವೆಂದು ಹೆಸರಾದವರು. ಇನ್ನೊಂದು ಬೆಂಗಳೂರಿನ ಅಧಿಕಾರಿಯಾಗಿದ್ದ ಸೈಯದ್ ಇಬ್ರಾಹಿಮರದು, ಟಿಪ್ಪುವಿನ ಸೆರೆಯಲ್ಲಿದ್ದವರನ್ನು ದಯೆಯಿಂದ ನಡೆಸಿಕೊಂಡವರೆಂದು ಹಳೇ ಗೆಜೆಟಿಯರೇ ಹೇಳುತ್ತದೆ. ಅರಗಿನ ಗೊಂಬೆಯ ಕೆಲಸ ಟಿಪ್ಪು ತಂದದ್ದು ಅನ್ನುವುದು ಊರಿನ ಮಾತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಮೇ ತಿಂಗಳಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಹೋದ. ಇಲ್ಲಿನ ಗಾಜಿನ ಬಳೆ, ದೂರದೂರಕ್ಕೆ ಹೋಗುತ್ತಿದ್ದ ವಾದ್ಯದ ಉಕ್ಕಿನ ತಂತಿ, ಸುಲ್ತಾನನಿಗೆಂದೇ ಬಿಳಿ ಸಕ್ಕರೆ ಮಾಡುತ್ತಿದ್ದ ಒಂದೇ ಒಂದು ಮನೆತನ, ಎಲ್ಲವನ್ನೂ ಬರೆದುಕೊಂಡ. ಸಕ್ಕರೆಯ ಗುಟ್ಟನ್ನು ಆ ಮನೆಯವರು ಹೊರಗೆ ಬಿಡುತ್ತಿರಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಕಂಪನಿಯ ದಂಡಿನ ಕೈಗೆ ಬಿತ್ತು. ಮೈಸೂರಿನ ವಿಲೇವಾರಿಗೆ ಐದು ಜನರ ಆಯೋಗ ಕೂತಿತು. ಅದರಲ್ಲಿ ಒಬ್ಬ ಬ್ಯಾರಿ ಕ್ಲೋಸ್. ಪಕ್ಕದ ರಾಮನಗರವನ್ನು ನಮ್ಮ ಹಿರಿಯರು ಕ್ಲೋಸ್‌ಪೇಟೆ ಎನ್ನುತ್ತಿದ್ದದ್ದು ಅವನ ಹೆಸರಿನಿಂದಲೇ. ಇನ್ನೊಬ್ಬ ವಿಲಿಯಂ ಕರ್ಕ್‌ಪ್ಯಾಟ್ರಿಕ್. ಅರಮನೆಯ ಬರಹದ ಮೇಜಿನೊಳಗೆ ಗುಟ್ಟಿನ ಕಾಗದಗಳ ನಡುವೆ ಒಂದು ಚಿಕ್ಕ ಪುಸ್ತಕ ಅವನಿಗೆ ಸಿಕ್ಕಿತು. ಟಿಪ್ಪು ತನ್ನ ಕೈಯಾರೆ ಪಾರ್ಸಿಯಲ್ಲಿ ಬರೆದಿಟ್ಟ ಕನಸುಗಳು, 37. ನಂಬಿಕಸ್ತ ಮುನ್ಷಿ ಹಬೀಬುಲ್ಲಾ ಅಲ್ಲೇ ಇದ್ದ. ಇಂಥದ್ದೊಂದು ಪುಸ್ತಕ ಇದೆಯೆಂದು ಅವನಿಗೆ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಬರೆಯುವಾಗ, ಓದುವಾಗ ಯಾರಾದರೂ ಹತ್ತಿರ ಬಂದರೆ ಸುಲ್ತಾನ ಮುಚ್ಚಿಡುತ್ತಿದ್ದನಂತೆ. ಒಂದು ಕನಸಿನಲ್ಲಿ ಮೂರು ಬೆಳ್ಳಿ ತಟ್ಟೆಗಳಲ್ಲಿ ಹಸಿ ಖರ್ಜೂರ ಬರುತ್ತದೆ. ಎದ್ದ ಮೇಲೆ ಅರ್ಥವನ್ನೂ ತಾನೇ ಬರೆದ: ಮೂವರು ವೈರಿಗಳ ಸೀಮೆ ತನ್ನದಾಗುತ್ತದೆ ಎಂದು. ಆ ಪುಸ್ತಕವನ್ನು 1800ರಲ್ಲಿ ಕಂಪನಿಯ ನಿರ್ದೇಶಕರ ಮುಖ್ಯಸ್ಥನಿಗೆ ಕಾಣಿಕೆ ಕೊಟ್ಟರು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಬೇರೆಯವರು ಓದಬಾರದೆಂದು ಒಬ್ಬ ಮುಚ್ಚಿಟ್ಟ ಪುಸ್ತಕ ಅದು. ಇಂಥವು ನನ್ನ ಮಣೆಗೂ ಬಂದಿವೆ. ಗಂಡ ತೀರಿಕೊಂಡ ಮೇಲೆ ಅವನ ದಿನಚರಿ ಕಟ್ಟಿಸಲು ತಂದ ತಾಯಿಯೊಬ್ಬರಿದ್ದರು. ಹಾಳೆ ಜೋಡಿಸುವಾಗ ಕಣ್ಣು ಬೀಳದಿರಲು ಎಲ್ಲ ಹಾಳೆಯನ್ನೂ ತಲೆಕೆಳಗು ಮಾಡಿ ಹೊಲಿದೆ. ಅಪ್ಪ ಕಲಿಸಿದ್ದು ಅದು.

ಉಳಿದ ಭಂಡಾರ ಊರೂರು ಚದುರಿತು. ಹೆಚ್ಚಿನ ಪಾಲು ಕಲ್ಕತ್ತೆಗೆ ಹೋಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿ ಅಲ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದ. ಅದರ ಹುಟ್ಟಿದ ದಿನವೆಂದು ಕಾಗದದಲ್ಲಿ ಬರೆಸಿದ ತಾರೀಕು 1800ರ ಮೇ 4, ಪಟ್ಟಣ ಬಿದ್ದು ಸರಿಯಾಗಿ ಒಂದು ವರ್ಷಕ್ಕೆ. ಸ್ಟೂವರ್ಟ್ ಅಲ್ಲಿ ಪಾರ್ಸಿ ಪಾಠ ಹೇಳುತ್ತಿದ್ದವನು. ಕೆಲವು ಪುಸ್ತಕ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಉಳಿದವು, ಇಂದಿಗೂ ಇವೆ. ಕೆಲವು ಲಂಡನ್ನಿಗೆ ಹೋದವು. ಒಂದು ಕುರಾನು ವಿಂಡ್ಸರ್ ಅರಮನೆಯಲ್ಲಿ, ಒಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿದೆ. ಬಿಜಾಪುರದ ಆಸಾರ್ ಮಹಲಿನಲ್ಲಿ ಉಳಿದಿದ್ದ ಆದಿಲಶಾಹಿಗಳ ಪುಸ್ತಕಗಳನ್ನೂ 1853ರಲ್ಲಿ ಕಂಪನಿಯವರು ಲಂಡನ್ನಿಗೆ ಒಯ್ದರು. ಹಾಗಾಗಿ ಬಿಜಾಪುರದಿಂದ ಮೊದಲೇ ಹೊರಟು ಶ್ರೀರಂಗಪಟ್ಟಣದಲ್ಲಿ ಹೊಸ ಚರ್ಮ ತೊಟ್ಟ ಪುಸ್ತಕ, ಬಿಜಾಪುರದಲ್ಲೇ ಹಳೇ ಚರ್ಮದಲ್ಲಿ ಕೂತಿದ್ದ ಪುಸ್ತಕ, ಎರಡೂ ಕೊನೆಗೆ ಒಂದೇ ಸೂರಿನಡಿ ಸೇರಿದವು. ಒಂದೇ ಕಪಾಟಿನಿಂದ ಎದ್ದು ಬೇರೆ ಬೇರೆ ದಾರಿಯಲ್ಲಿ ಹೋದವು ಸಮುದ್ರದಾಚೆ ಭೇಟಿಯಾದವು ಎಂದು ಮೇಷ್ಟ್ರು ಹೇಳಿದಾಗ ಅವರ ದನಿ ಸಣ್ಣಗಾಯಿತು.

ಇಷ್ಟು ಹೇಳಿ ಇನ್ನೊಂದನ್ನು ಬಿಟ್ಟರೆ ತಪ್ಪಾಗುತ್ತದೆ. ಟಿಪ್ಪುವಿನ ಚರ್ಮದ ಪುಸ್ತಕಗಳ ಜೊತೆಗೇ ಮೈಸೂರು ಅರಸರ ಓಲೆಗರಿ, ಕಡತಗಳ ಕಥೆಯೂ ಇದೆ. ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯ ಪುಸ್ತಕದಲ್ಲಿ, ಅದರ ಮೊದಲ ಸಂಪುಟ 1810ರದು, ಹೀಗೆ ಬರೆದಿದ್ದಾನೆ: 1796ರಲ್ಲಿ ಚಾಮರಾಜ ಒಡೆಯರು ತೀರಿಕೊಂಡ ಮೇಲೆ ಅರಮನೆ ಖಾಲಿ ಮಾಡಿಸುವಾಗ ಒಂದು ಕೋಣೆಯ ತುಂಬ ಓಲೆಗರಿ, ಕಡತಗಳು ಸಿಕ್ಕಿದವು. ಏನು ಮಾಡುವುದೆಂದು ಕೇಳಿದ್ದಕ್ಕೆ, ಲಾಯಕ್ಕೆ ಕಳಿಸಿ, ಕುದುರೆಗೆ ಹುರುಳಿ ಬೇಯಿಸಲು ಉರಿ ಹಾಕಲಿ ಎಂದು ಸುಲ್ತಾನನ ಅಪ್ಪಣೆಯಾಯಿತು. ಯಾರೋ ಒಬ್ಬ ಉಪಾಯ ಮಾಡಿ ಸ್ವಲ್ಪ ಉಳಿಸಿಕೊಂಡ. ವಿಲ್ಕ್ಸ್ ಗೆದ್ದವರ ಕಡೆಯವನು, ಸೋತವನ ವಿಚಾರದಲ್ಲಿ ಅವನ ಲೇಖನಿ ಮೆತ್ತಗಿರಲಿಲ್ಲ ಎಂದು ಮೇಷ್ಟ್ರು ಎಚ್ಚರಿಸಿದರು. ಇರಬಹುದು. ಆದರೆ ಈ ಮಾತನ್ನು ನಾನು ಸುಲಭವಾಗಿ ದಾಟಲಾರೆ. ನನ್ನ ಮಟ್ಟಿಗೆ, ಪದ್ಯದ ಪುಸ್ತಕಕ್ಕೆ ಏಳು ಒತ್ತಿನ ಹೊದಿಕೆ ಹಾಕಿಸಿದವನೂ ಹುರುಳಿ ಒಲೆಗೆ ಓಲೆಗರಿ ಕಳಿಸಿದವನೂ ಒಬ್ಬನೇ ಆಗಿರಬಹುದು. ಓದಲು ಬಾರದ ಲಿಪಿಯ ಪುಸ್ತಕವನ್ನು ರದ್ದಿಯೆಂದು ಕಂಡ ಮನುಷ್ಯನ ಕಷ್ಟ ನನಗೆ ಗೊತ್ತಿದೆ. ನಾನು ಎಸೆದ ಹಾಳೆಯ ಮೇಲೆ ನನಗೆ ಓದಲು ಬರುವ ಕನ್ನಡವೇ ಇತ್ತು.

ಕಡತವನ್ನು ಕಂಡವರು ಈಗ ಕಡಿಮೆ. ಕಚೇರಿಯಲ್ಲಿ ಫೈಲಿಗೆ ಕಡತ ಎನ್ನುತ್ತೇವೆ, ಮಾತು ಮಾತ್ರ ಉಳಿದಿದೆ. ಅಪ್ಪನ ಪೆಟ್ಟಿಗೆಯಲ್ಲಿ ಅದರದೊಂದು ತುಂಡಿತ್ತು. ಗೇಣಗಲದ ಬಟ್ಟೆ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು ಒಣಗಿಸಿದ್ದು. ಒಣಗಿದ ಮೇಲೆ ಹಲಗೆಯಷ್ಟು ಬಿಗಿ. ಉದ್ದಕ್ಕೆ ಬಿಡಿಸಿದರೆ ಮಾರುಗಟ್ಟಲೆ, ಮಡಿಸಿದರೆ ಪುಸ್ತಕ. ಬೀಸಣಿಗೆ ಮಡಿಚಿದ ಹಾಗೆ ಹಿಂದೆ ಮುಂದೆ ಮಡಿಕೆ. ಎರಡು ತುದಿಗೂ ಮರದ ಹಲಗೆ. ಬರೆಯುವುದು ಬಳಪದಲ್ಲಿ, ಕಪ್ಪಿನ ಮೇಲೆ ಬೆಳ್ಳಗೆ. ಶಾನುಭೋಗರ ಲೆಕ್ಕ, ವ್ಯಾಪಾರಿಗಳ ಲೇವಾದೇವಿ ಎಲ್ಲ ಇದರಲ್ಲೇ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಳಿಯುತ್ತದೆ, ಮತ್ತೆ ಬರೆಯಬಹುದು. ಚರ್ಮ ಬೇಡ, ಹೊಲಿಗೆ ಬೇಡ, ಬೆನ್ನೇ ಇಲ್ಲ. ಅಪ್ಪನ ತುಂಡಿನ ಮೇಲೆ ಎರಡೂವರೆ ಸಾಲು ಉಳಿದಿತ್ತು: ರಾಗಿ ಇಷ್ಟು ಖಂಡುಗ, ಹುರುಳಿ ಇಷ್ಟು ಕೊಳಗ. ಯಾರ ಮನೆಯದೆಂದು ಇರಲಿಲ್ಲ. ಮುಟ್ಟಿದರೆ ಬೆರಳಿಗೆ ಬಿಳಿ ಹತ್ತುತ್ತಿತ್ತು. ಹಾಗಾಗಿ ಅಪ್ಪ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಮೇಷ್ಟ್ರ ಜೆರಾಕ್ಸ್ ಕಟ್ಟಿಗೆ ನಾನು ಹಸಿರು ಕ್ಯಾಲಿಕೋ ಹಾಕಿದೆ. ಮೈದಾ ಅಂಟಿಗೆ ಯಾವಾಗಲೂ ಹಾಕುವ ಮೈಲುತುತ್ತ ಒಂದು ಚಿಟಿಕೆ ಹೆಚ್ಚಾಗಿಯೇ ಹಾಕಿದೆ, ಹುಳ ಹತ್ತಿರ ಸುಳಿಯದಿರಲಿ ಅಂತ. ಒಳಗಡೆ ಎರಡು ಹಾಳೆ ಖಾಲಿ ಬಿಟ್ಟೆ. ‘ಇದೇಕೆ?’ ಎಂದರು. ‘ನಿಮ್ಮ ಹೆಸರು ಬರೆಯಿರಿ ಮೇಷ್ಟ್ರೇ, ಆಮೇಲೆ ಯಾರ ಕೈಗೆ ಹೋಗುತ್ತೋ ಅವರೂ ಬರೆದುಕೊಳ್ಳಲಿ’ ಎಂದೆ. ಅಲ್ಲೇ ನಿಂತು ಪೆನ್ನು ತೆಗೆದು ಬರೆದರು, ಊರು, ತಾರೀಕು ಸಮೇತ.

ಹೋದ ರಂಜಾನಿಗೆ ಮುಂಚೆ ದರ್ಗಾ ಕಡೆಯ ಸಾಹೇಬರೊಬ್ಬರು ಮನೆಯ ಕುರಾನು ತಂದರು. ‘ಅಣ್ಣಾ, ಹಳೇ ಥರಾನೇ ಮಾಡಿಕೊಡಿ, ಮಡಚೋ ಪಟ್ಟಿ ಇರಬೇಕು’ ಎಂದರು. ಎಡಗಡೆಯ ರಟ್ಟಿನಿಂದ ನಾಲಗೆಯಂತೆ ಬಂದು, ಹಾಳೆಗಳ ಅಂಚನ್ನು ಮುಚ್ಚಿ, ಮೇಲಿನ ರಟ್ಟಿನ ಕೆಳಗೆ ತೂರಿಕೊಳ್ಳುವ ಪಟ್ಟಿ ಅದು. ಈಗ ಯಾರೂ ಹಾಕಿಸುವುದಿಲ್ಲ. ಅಪ್ಪ ಅದನ್ನು ಈ ಪೇಟೆಯಲ್ಲೇ ಇದ್ದ ಒಬ್ಬ ಮುದಿ ಸಾಹೇಬರಿಂದ ಕಲಿತಿದ್ದ, ನಾನು ಅಪ್ಪನಿಂದ. ತೆರೆದು ನೋಡಿದೆ. ಮೊದಲ ಹಾಳೆಯ ಮೇಲೆ ಉರ್ದುವಿನಲ್ಲಿ ಮೂರು ಬಗೆಯ ಕೈಬರಹ, ಮೂರು ಬಗೆಯ ಶಾಯಿ. ಕೊನೆಯದು ಕನ್ನಡದಲ್ಲಿ, ನೀಲಿ ಬಾಲ್‌ಪೆನ್ನಿನಲ್ಲಿ: ಮಗಳು ಹುಟ್ಟಿದ ದಿನ, ವಾರ, ಹೊತ್ತು. ಆ ಹಾಳೆಯ ಅಂಚು ಪುಡಿಪುಡಿ. ಹಿಂದೆ ತೆಳು ಕಾಗದ ಕೊಟ್ಟು, ಅಂಟು ನೀರಾಗಿಸಿ, ಬೆರಳ ತುದಿಯಲ್ಲೇ ಹಚ್ಚಿದೆ. ಒಣಗಲು ಇಡೀ ಒಂದು ದಿನ ಬಿಟ್ಟೆ. ಕತ್ತರಿ ಮಣೆಯ ಕೆಳಗೇ ಇತ್ತು, ತೆಗೆಯಲಿಲ್ಲ. ಅಂಚು ಏರುಪೇರಾಗಿಯೇ ಉಳಿಯಿತು, ಪಟ್ಟಿ ಅದನ್ನು ಮುಚ್ಚಿಕೊಂಡಿತು.